ಮಾವನ ಕಾಲಳತೆಯ ಕುಣಿ

ಆಳಂದದ ನೇಕಾರರ ಓಣಿಯಲ್ಲಿ ನಿಂಬೆವ್ವನ ಮನೆ ಎಲ್ಲಿ ಎಂದು ಕೇಳಿದರೆ ಯಾವ ನಿಂಬೆವ್ವ ಎನ್ನುತ್ತಿದ್ದರು. ಮೊಣಕಾಲು ಅಳೆಯುವ ನಿಂಬೆವ್ವ ಎಂದು ಕೇಳಿದರೋ, ಕೂಸುಗಳು ಸಹ ಕೈಹಿಡಿದು ಮನೆ ಮುಟ್ಟಿಸುತ್ತಿದ್ದವು. ಕುಳ್ಳಗೆ, ದುಂಡಗೆ, ಹಣೆ ತುಂಬ ವಿಭೂತಿ, ಸೊಂಟದಲ್ಲಿ ಸದಾ ಒಂದು ನೂಲಿನ ಉಂಡೆ. ಭೀಮಾ ದಂಡೆಯ ಮಣ್ಣೂರಿನ ಹುಡುಗಿ. ಹೊಳೆಯಲ್ಲಿ ಈಜಿ ಬೆಳೆದವಳಿಗೆ ಮದುವೆಯಾಗಿ ಬಂದ ಹೊಸದರಲ್ಲಿ ಆಳಂದದ ಬಾವಿಯ ನೀರು ಸೇರದೆ ವರ್ಷವೆಲ್ಲ ನೆಗಡಿ. ಇರಲಿ, ಅದು ಬೇರೆ ಮಾತು. ಆ ಹೆಸರು ಬಂದದ್ದು ಒಂದು ಸೀರೆಯ ದೆಸೆಯಿಂದ.

ಯುದ್ಧದ ವರ್ಷಗಳು, ನಿಜಾಮರ ರಾಜ್ಯ. ನೂಲು ಸಿಕ್ಕಿದ ದಿನವೇ ಹಬ್ಬ. ಅಂಥದ್ದರಲ್ಲಿ ಮಗಳು ಸುಂದರಬಾಯಿಗೆ ಚೌಡಾಪುರದ ವರ ಗೊತ್ತಾಯಿತು. ನಿಂಬೆವ್ವನ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮದುಮಗಳ ಸೀರೆಯನ್ನು ಅಪ್ಪನೇ ನೇಯಬೇಕು. ಮೊದಲ ಲಾಳಿ ಎಸೆದ ಕೈಯೇ ಕೊನೆಯ ಲಾಳಿಯನ್ನೂ ಎಸೆಯಬೇಕು. ನಡುವೆ ಬೇರೊಬ್ಬರು ಕೂತು ನೇಯ್ದರೆ ಆ ಸೀರೆ ಸಂತೆಗೆ ಹೋಗಬೇಕೇ ಹೊರತು ಹಸೆಮಣೆಗೆ ಬರುವಂತಿಲ್ಲ. ಹದಿನೆಂಟು ಮೊಳದ ಕೆಂಪು ಸೀರೆ, ಹಸಿರು ದಡಿ. ಹತ್ತು ಮೊಳ ಆಗಿತ್ತು, ಎಂಟು ಮೊಳ ಉಳಿದಿತ್ತು. ಅರಿಷಿಣ ಹಚ್ಚುವುದಕ್ಕೆ ಹತ್ತೇ ದಿನ. ಇನ್ನೊಂದು ಸೀರೆಗೆ ನೂಲು ಎಲ್ಲಿಂದ ತರಬೇಕು?

ನಿಂಬೆವ್ವನ ಗಂಡ ಸೈದಪ್ಪ ಮೈಯಲ್ಲಿ ನೆಟ್ಟಗಿದ್ದರೆ ಅದು ಮೂರು ದಿನದ ಕೆಲಸ. ಆದರೆ ಅವನ ಬಲ ಹೆಗಲು ಹಿಡಿದುಬಿಟ್ಟಿತ್ತು. ತುತ್ತು ಬಾಯಿಗೆ ಬರುವುದರೊಳಗೆ ಕೈ ನಡುಗುತ್ತಿತ್ತು. ಕುಣಿಮಗ್ಗ ಎಂದರೆ ನೆಲದಲ್ಲಿ ತೋಡಿದ ಕುಣಿ. ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗೆ ಹಲಗೆ ತುಳಿಯುತ್ತ ಮೇಲೆ ಲಾಳಿ ಎಸೆಯಬೇಕು. ಸೈದಪ್ಪ ಜೋಳದ ದಂಟಿನಂತೆ ಉದ್ದನೆಯ ಮನುಷ್ಯ. ಕುಣಿಯಲ್ಲಿ ಕೂತನೆಂದರೆ ಮೊಣಕಾಲು ಹೊಟ್ಟೆಗೆ, ಗದ್ದ ಎದೆಗೆ. ಎದ್ದ ಮೇಲೂ ಹಾಗೇ ಬಾಗಿ ನಡೆಯುತ್ತಿದ್ದ. ಅವರ ಮನೆಯ ಬಾಗಿಲು ಗಿಡ್ಡ. ಬಂದ ಬೀಗರೆಲ್ಲ ಹಣೆ ಬಡಿಸಿಕೊಂಡೇ ಒಳಗೆ ಬರುತ್ತಿದ್ದರು. ಸೈದಪ್ಪನಿಗೆ ಮಾತ್ರ ಒಂದು ದಿನವೂ ಬಡಿದದ್ದಿಲ್ಲ. ನೇಕಾರನ ಬೆನ್ನು ಇರುವುದೇ ಹಾಗೆ ಎಂದು ಎಲ್ಲರೂ ಸುಮ್ಮನಿದ್ದರು.

ಆ ದಿನ ಮುಂಜಾನೆ ಅಂಗಳದಲ್ಲಿ ಮಾಲೀಸಿನ ಬುರಾನುದ್ದೀನ ಬಿಸಿ ಎಣ್ಣೆ ಹಚ್ಚಿ ಸೈದಪ್ಪನ ಹೆಗಲು ತಿಕ್ಕುತ್ತಿದ್ದ.

"ಜರಾ ಹಗೂರ ಒತ್ತೋ ಬುರಾನಾ, ಜೀವ ಹೊಂಟದ!"

"ಹೋಗವಲ್ದು ಬಿಡು, ಮದಿವಿ ಊಟ ಮಾಡೇ ಹೋಗ್ತದ. ಖರೇ ಹೇಳ್ತೇನಿ ಸೈದಪ್ಪಾ, ನಾ ಇಲ್ಲಿ ಬಿಡಸೂದು, ನೀ ಹೋಗಿ ಆ ಕುಣ್ಯಾಗ ಮತ್ತ ಮಡಚಿಕೊಂಡು ಕುಂದ್ರೂದು. ನನ್ನ ಎಣ್ಣಿ ಖರಾಬು, ಅಷ್ಟ."

ಒಳಗೆ ಬೆಕ್ಕು ಹಾರಿ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಮೂರು ಎಳೆ ಹರಿದಿದ್ದವು. ಎಳೆ ಕೂಡಿಸುವುದು ನೇಯ್ಗೆಯಲ್ಲ, ಅದನ್ನು ಹೆಂಗಸರೇ ಮಾಡುತ್ತಿದ್ದರು, ಆದರೆ ಪಕ್ಕದಲ್ಲಿ ನಿಂತು. ಆ ದಿನ ಹರಿದದ್ದು ನಡುವಿನ ಎಳೆ, ನಿಂಬೆವ್ವನ ಕೈ ಗಿಡ್ಡ. ಅತ್ತೆ ಸಾಬಮ್ಮ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಕುಣಿಗೆ ಕಾಲು ಬಿಟ್ಟು ಕೂತಳು. ಪಾದ ಹೋಗಿ ಹಲಗೆಯ ಮೇಲೆ ಹೂವಿನ ಹಾಗೆ ಕೂತವು. ಬೆನ್ನು ನೆಟ್ಟಗೆ. ಮೊಣಕೈ ಬಟ್ಟೆಯ ಸಮಕ್ಕೆ. ಎಳೆ ಕೂಡಿಸುವುದು ಮರೆತು ಆಕೆ ಕೂಗಿದಳು.

"ಅತ್ತೀ! ಅತ್ತೀ, ಜಲ್ದಿ ಬರ್ರಿ!"

ಸಾಬಮ್ಮ ಕಸಬರಿಗೆ ಹಿಡಿದೇ ಓಡಿಬಂದಳು. "ಎಲ್ಲದ ಬೇ ಚೇಳು?"

"ಚೇಳಲ್ರಿ, ನನ್ನ ಕಾಲು! ಹ್ಯಾಂಗ ಕುಂತಾವ ನೋಡ್ರಿ!"

"ನಿನ್ನ ಕಾಲು ಹುಟ್ಟಿದಾಗಿಂದ ಅಲ್ಲೇ ಅವ. ಏಳ್ತಿಯೋ ಇಲ್ಲೋ ಹುಚ್ಚಿ, ಅದು ನಿಮ್ಮ ಮಾವನ ಕುಣಿ!"

"ಮಾವ ಎಷ್ಟು ಎತ್ತರ ಇದ್ರು ಅತ್ತೀ?"

ತೀರಿಹೋದ ಗಂಡನ ಮಾತು ತೆಗೆದರೆ ಸಾಬಮ್ಮನ ಕಸಬರಿಗೆ ತಾನಾಗಿಯೇ ಕೆಳಗಿಳಿಯುತ್ತಿತ್ತು. "ನಿನ್ನಷ್ಟೇ ಬೇ. ಬಾಸಿಂಗ ಕಟ್ಟಿದ್ರೂ ನನ್ನ ಕಿವೀತನಕ ಬರ್ತಿದ್ರು. ನನ್ನ ಮಗ ನಮ್ಮಪ್ಪನಂಗ ಬೆಳದ."

ನಿಂಬೆವ್ವ ಸರಕ್ಕನೆ ನೂಲು ಎಳೆದಳು. ಕುಣಿಯ ಅಂಚಿನಿಂದ ಹಲಗೆಯ ತನಕ ಹಿಡಿದು ಹರಿದಳು. ತನ್ನ ಮೊಣಕಾಲಿನಿಂದ ಹಿಮ್ಮಡಿಗೆ ಹಿಡಿದಳು, ಬರೋಬರ್. ಸೆರಗು ಸಿಕ್ಕಿಸಿ ಅಂಗಳಕ್ಕೆ ಓಡಿ ಗಂಡನ ಕಾಲು ಹಿಡಿದಳು.

"ಏನ್ ಮಾಡಾಕತ್ತಿ? ಹೆಗಲು ನೂಸಾಕತ್ಯದ, ಕಾಲಲ್ಲ!"

"ಅಲಗಬ್ಯಾಡ್ರಿ!"

ನೂಲು ಮೊಣಕಾಲಿನಿಂದ ಹೊರಟು ಹಿಮ್ಮಡಿ ಮುಟ್ಟುವ ಮೊದಲೇ ಮುಗಿದುಹೋಯಿತು. ಒಂದು ಗೇಣು ಕಡಿಮೆ! ಬುರಾನುದ್ದೀನ ಎಣ್ಣೆಯ ಬಟ್ಟಲು ಕೆಳಗಿಟ್ಟು ಬಗ್ಗಿ ನೋಡಿದ. "ಯಾ ಅಲ್ಲಾ! ಇಪ್ಪತ್ತು ವರ್ಷ ಆತು, ಈ ಮನುಷ್ಯಾ ಅಪ್ಪನ ಅಂಗಿ ತೊಟ್ಟಂಗ ಅಪ್ಪನ ಕುಣಿ ತೊಟ್ಟಾನ! ಅದ್ಕ ಹೆಗಲು ಕಿವಿಗೆ ಏರ್ಯಾವ."

ಹಾರೆ ಹಾಕಿ ಕುಣಿ ಆಳ ಮಾಡೋಣ ಎಂದು ನಿಂಬೆವ್ವ ಹೇಳಿದ್ದೇ ತಡ, ಸಾಬಮ್ಮ ಕುಣಿಯ ಮುಂದೆ ಹೋಗಿ ಕೂತುಬಿಟ್ಟಳು. ಮಾವ ಮಲ್ಕಪ್ಪ ಕೈಯಾರೆ ತೋಡಿದ ಕುಣಿ. ದಿನಾ ಮುಂಜಾನೆ ಅದಕ್ಕೆ ವಿಭೂತಿ, ಹೂವು. "ಅದಕ್ಕ ಹಾರಿ ಹಚ್ಚಿದ್ರ ಅವರ ಎದಿಗೆ ಹಚ್ಚಿದಂಗ," ಎಂದಳು. ಸೈದಪ್ಪನೂ ಅವ್ವನ ಮಾತಿಗೆ ತಲೆ ಬಾಗಿಸಿದ; ಹೇಗೂ ಅದು ಬಾಗೇ ಇತ್ತು.

ಮೂರು ದಿನ ಹೋದವು. ಹಲ್ಲು ಕಚ್ಚಿ ಕೂತರೂ ಅವನಿಂದ ದಿನಕ್ಕೆ ಒಂದು ಗೇಣು ದಾಟಲಿಲ್ಲ. ಮೂರನೆಯ ದಿನ ಲಾಳಿ ಕೈಜಾರಿ ನೆಲಕ್ಕೆ ಬಿತ್ತು. ಸುಂದರಬಾಯಿ ಅದನ್ನು ಎತ್ತಿಕೊಟ್ಟು, "ಇರಲಿ ಅಪ್ಪಾ, ಅವ್ವನ ಹಳೆ ಸೀರೀನೇ ಉಡತೇನಿ," ಎಂದಳು. ಸೈದಪ್ಪ ಗೋಡೆಯ ಕಡೆ ಮುಖ ಮಾಡಿದ.

ನಿಂಬೆವ್ವ ಜಗಳಕ್ಕೆ ಹೋಗಲಿಲ್ಲ. ಅತ್ತೆ ರಾಟೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಪಕ್ಕದಲ್ಲಿ ಕೂತು ಸಮಾಧಾನದಿಂದ ಕೇಳಿದಳು. "ಮಾವ ಕುಣಿ ತೋಡಿದ್ದು ಹ್ಯಾಂಗ್ರಿ ಅತ್ತಿ?"

"ಅದೊಂದು ದೊಡ್ಡ ಕತಿ ಬೇ. ಮದಲ ಸರಸಂಬಾದಾಗ ಇದ್ವಿ. ಅಲ್ಲಿ ಅವರಪ್ಪನ ಕುಣಿ, ಬಾವಿಯಂಗ ಆಳ. ಇವ್ರ ಕಾಲು ಹಲಗಿಗೆ ಮುಟ್ಟವಲ್ಲವು, ಜೋತಾಡಿ ಜೋತಾಡಿ ಜೋಮು ಹಿಡಿಯೋವು. ಸಂಜಿಗೆ ನಾನೇ ಹೊತಗೊಂಡು ತರಬೇಕು. ಅದ್ಕ ಇಲ್ಲಿ ಬಂದ ದಿನ ನನ್ನ ಕರದು, ಸಾಬೀ, ನೂಲು ಹಿಡಿ ಅಂದ್ರು. ನಾ ಇಲ್ಲಿ ಮಣಕಾಲಿಗೆ ಹಚ್ಚಿ, ಹಿಂಗ ಹಿಮ್ಮಡಿತನಕ..."

ಕಾಲ ಮೇಲೆ ತೋರಿಸುತ್ತಿದ್ದ ಕೈ ಅಲ್ಲೇ ನಿಂತಿತು. ರಾಟೆಯೂ ನಿಂತಿತು. ಸಾಬಮ್ಮ ಸೊಸೆಯ ಮುಖ ನೋಡಿದಳು, ಕುಣಿ ನೋಡಿದಳು, ಗೋಡೆಗೆ ಮುಖ ಮಾಡಿದ ಮಗನನ್ನು ನೋಡಿದಳು.

"ಹಾರಿ ಎಲ್ಲದ ಬೇ?"

ಆಮೇಲೆ ನೋಡಬೇಕಿತ್ತು ಆ ಮನೆಯ ಗದ್ದಲ! ಹಾಸಿನ ಮೇಲೆ ಕಂಬಳಿ ಮುಚ್ಚಿದರು. ವಿಭೂತಿ ಹಚ್ಚಿ ಮೊದಲ ಏಟು ಹಾಕಿದವಳು ಸಾಬಮ್ಮನೇ. ಬುರಾನುದ್ದೀನ ಅಂಗಿ ಬಿಚ್ಚಿ ಬುಟ್ಟಿಗಟ್ಟಲೆ ಮಣ್ಣು ಹೊತ್ತ. ಮದುಮಗಳು ಅಪ್ಪನ ಕಾಲಳತೆಯ ನೂಲು ಹಿಡಿದು, "ಇನ್ನೂ ನಾಕು ಬೆರಳು! ಇನ್ನೂ ಎರಡು!" ಎಂದು ಕೂಗಿದ್ದೇ ಕೂಗಿದ್ದು. ಮೊಣಕೈ ಬಟ್ಟೆಯ ಸಮಕ್ಕೆ ಬರಲೆಂದು ಕೂರುವ ಅಂಚನ್ನೂ ನಾಲ್ಕು ಬೆರಳು ತಗ್ಗಿಸಿ, ಹಲಗೆಯ ಹಗ್ಗ ಉದ್ದ ಮಾಡಿದರು.

ಸೈದಪ್ಪ ಇಳಿದು ಕೂತ. ಮೊಣಕಾಲು ತಮ್ಮ ಜಾಗದಲ್ಲಿ, ಕುತ್ತಿಗೆ ತನ್ನ ಜಾಗದಲ್ಲಿ. ಲಾಳಿ ಹೋಯಿತು, ಬಂತು, ಮತ್ತೆ ಹೋಯಿತು.

"ನೂಸಾಕತ್ಯದೇನ್ರಿ?"

"ನೂಸ್ತದ. ಖರೇ ನಿನ್ನಿಯಂಗಲ್ಲ!"

ನೋವು ಒಂದೇ ದಿನದಲ್ಲಿ ಓಡಿಹೋಗಲಿಲ್ಲ, ಹೋಗುವುದೂ ಇಲ್ಲ. ಒಂದೊಂದು ಕಂಡಿಕೆ ಮುಗಿದಾಗಲೂ ಎದ್ದು ಬೇವಿನ ಮರ ಒಂದು ಸುತ್ತು ಹಾಕಬೇಕೆಂದು ಬುರಾನುದ್ದೀನ ತಾಕೀತು ಮಾಡಿದ್ದ. ಸಾಬಮ್ಮ ಕೋಲು ಹಿಡಿದು ಸುತ್ತು ಹಾಕಿಸುತ್ತಿದ್ದಳು. ಮೊದಲ ದಿನ ಒಂದು ಮೊಳ ಆಯಿತು. ಮರುದಿನ ಮೊಳದ ಮೇಲೆ ಮೂರು ಬೆರಳು. ಮೊಳ, ಮತ್ತೆ ಮೊಳ.

ಅರಿಷಿಣದ ಮುಂಜಾನೆ ಅಂಗಳದಲ್ಲಿ ಹೆಂಗಸರು ಹಾಡು ಹಿಡಿದಿದ್ದರು. ಒಳಗೆ ಸೈದಪ್ಪ ಕೊನೆಯ ಲಾಳಿ ಎಸೆದ, ತಾನೇ ಎಡಗೈಯಲ್ಲಿ ಹಿಡಿದ. ಸೀರೆ ಮಗ್ಗದಿಂದ ಇಳಿಯಿತು. ಮಗಳಿಗೆ ತೋರಿಸುವ ಸಡಗರದಲ್ಲಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ನೆಟ್ಟಗೆ ನಿಂತು, ದಡದಡ ಹೊರಗೆ ಹೊರಟ.

ಠಪ್!

ಬಾಗಿಲ ಮೇಲಿನ ಅಡ್ಡಮರ ನೇರ ಹಣೆಗೆ ಬಡಿಯಿತು. ಹಾಡು ನಿಂತಿತು. ನಿಂಬೆವ್ವ ಎದೆ ಹಿಡಿದುಕೊಂಡು ಓಡಿದಳು. ಸೈದಪ್ಪ ಹಣೆ ಉಜ್ಜಿಕೊಳ್ಳುತ್ತ ಹೊಸ್ತಿಲಲ್ಲಿ ಕೂತು ನಗುತ್ತಿದ್ದ. ಸೀರೆ ಕೈಯಲ್ಲೇ ಇತ್ತು, ನೆಲಕ್ಕೆ ಸೋಕಿರಲಿಲ್ಲ.

ಸಾಬಮ್ಮ ಬಾಗಿಲನ್ನು ಮೇಲೆ ಕೆಳಗೆ ನೋಡಿದಳು. "ಇದೂ ನಿಮ್ಮಪ್ಪನದೇ ಅಳತಿ. ನಿಂಬೀ, ನೂಲು ತಾ!"