ನಮ್ಮ ಗೋಡೆ ನೋಡುತ್ತಿದ್ದ ನಾಲ್ಕು ಮೈಕು

“ಅಮ್ಮಾ, ರುಡೊಲ್ಫ್ ಅಂಕಲ್‌ಗೆ ಸೌಂಡ್ ಆಗಲ್ಲ ಅಂತೀಯಲ್ಲ, ದೆನ್ ವೈ ಡಸ್ ಹಿ ಶೌಟ್ ಸೋ ಮಚ್?”

ಆರು ವರ್ಷದ ಸಮೀಕ್ಷಾ ಇದನ್ನು ಕೇಳಿದ್ದು ಮಂಗಳವಾರ ಸಂಜೆ, ಹಗ್ಗದಾಟ ನಿಲ್ಲಿಸಿ. ಪಕ್ಕದ ಮನೆಯಿಂದ ಅವರು ಗೋಡೆಗೆ ಮೂರು ಸಲ ಗುದ್ದಿದ್ದರು. ನನಗೆ ಸಿಟ್ಟು ಬಂತು.

ಗಲ್ಫಿನಲ್ಲಿ, ಅಲ್ ಕುಸೈಸ್‌ನ ಈ ಕಟ್ಟಡಕ್ಕೆ ನಾವು ಬಂದು ಎರಡು ವರ್ಷ. ರುಡೊಲ್ಫ್ ಕಿನ್ನಿಗೋಳಿಯ ಕಡೆಯವರು, ಇಪ್ಪತ್ಮೂರು ವರ್ಷದಿಂದ ಇಲ್ಲಿನ ಒಂದೇ ಗೋದಾಮಿನಲ್ಲಿ ಸ್ಟೋರ್ ಕೀಪರ್. ಕಾರಿಡಾರಿನಲ್ಲಿ ನಮ್ಮ ಚಪ್ಪಲಿ ಎಷ್ಟು ಜೊತೆ ಇವೆಯೆಂದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಲಿಫ್ಟಿನಲ್ಲಿ ಸಿಕ್ಕರೆ ಮಾತಿಲ್ಲ, ವಾಚ್‌ಮ್ಯಾನ್ ಕೈಲಿ ದೂರು ಮಾತ್ರ ಬರುತ್ತದೆ. ಅವರ ಹೆಂಡತಿ ಸೆವ್ರಿನ್ ಆಂಟಿ ಹಾಗಲ್ಲ, ಸಮೀಕ್ಷಾಳಿಗೆ ಜ್ವರ ಬಂದಾಗ ಗಂಜಿ ಮಾಡಿ ತಂದವರು. ಜೂನ್‌ನಲ್ಲಿ ಮಗಳ ಬಾಣಂತನಕ್ಕೆ ಅವರು ಊರಿಗೆ ಹೋದ ಮೇಲೆ ಗಂಡನನ್ನು ಹಿಡಿಯುವವರೇ ಇಲ್ಲ.

ಮಗುವಿನ ಕೈ ಹಿಡಿದುಕೊಂಡು ಹೋಗಿ ಬೆಲ್ ಒತ್ತಿದೆ. ಬಾಗಿಲು ತೆರೆದರೆ ಸೆಕೆ ಮುಖಕ್ಕೆ ಬಡಿಯಿತು. ಆಗಸ್ಟ್ ತಿಂಗಳಲ್ಲಿ ಎಸಿ ಆರಿಸಿದ್ದರು, ರೆಕಾರ್ಡಿಂಗಿನಲ್ಲಿ ಅದರ ಸದ್ದು ಬೇಡವೆಂದು. ಅವರ ಚರ್ಚಿನ ಹಾಡುಗಾರರು, ಮೂವರು ಗಂಡಸರು ಮತ್ತು ಒಬ್ಬ ಹೆಂಗಸು, ಬೆವರಿನಲ್ಲಿ ತೊಯ್ದು ನಾಲ್ಕು ಮೈಕುಗಳ ಮುಂದೆ ನಿಂತಿದ್ದರು.

“ಸಾರ್, ಮಗು ಅಂದ್ಮೇಲೆ ಆಡುತ್ತೆ. ಗೋಡೆ ಗುದ್ದಿದ್ರೆ ಹೆದರ್ಕೊಳ್ಳುತ್ತೆ.”

“ಹೆದರ್ಲಿ ಮಾರಾಯ್ರೆ. ಹೆದರಿಯಾದ್ರೂ ಒಂದು ಕಡೆ ಕೂತ್ಕೊಳ್ಲಿ. ಮೂರು ವಾರ ಆಯ್ತು, ಒಂದು ಹಾಡು ಮುಗೀಲಿಲ್ಲ.” ರುಡೊಲ್ಫ್ ಬಿಳಿ ಮೀಸೆಯ ಗಾಯಕನೊಬ್ಬನತ್ತ ಕೈ ತೋರಿಸಿದರು. “ಇವ ಇನಾಸ್. ವೀಸಾ ಕ್ಯಾನ್ಸಲ್ ಆಗಿದೆ, ಶುಕ್ರವಾರ ಫ್ಲೈಟ್. ಹನ್ನೆರಡು ವರ್ಷ ಒಟ್ಟಿಗೆ ಹಾಡಿದವರು ಇವರು. ಅವ ಹೋದ ಮೇಲೆ ಖಲಾಸ್.”

ನಾಲ್ಕು ಮೈಕಿನ ತಂತಿಗಳೂ ಮೇಜಿನ ಮೇಲಿದ್ದ ಕಪ್ಪು ಪೆಟ್ಟಿಗೆಗೆ ಹೋಗಿದ್ದವು. ಆಡಿಯೋ ಇಂಟರ್‌ಫೇಸ್ ಅಂತೆ. ಅದರಿಂದ ಒಬ್ಬೊಬ್ಬರ ಸ್ವರವೂ ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ಗೆರೆಯಾಗಿ ಬೀಳುತ್ತದೆ. ಒಬ್ಬರು ತಪ್ಪಿದರೆ ಅವರ ಗೆರೆಯೊಂದನ್ನೇ ತಿದ್ದಬಹುದು. ರುಡೊಲ್ಫ್ ಒಂದೊಂದೇ ಗೆರೆಯನ್ನು ಕೇಳಿಸಿದರು. ಪ್ರತಿಯೊಂದರಲ್ಲೂ ದುಬು ದುಬು ಹಗ್ಗದಾಟ, ಅದರ ಮೇಲೆ ನನ್ನದೇ ಗಂಟಲು: “ಸಮೀ, ಹಾಲು ಆರೋಗ್ತಿದೆ.”

“ಒಂದರಲ್ಲಿ ಇದ್ರೆ ತೆಗೀಬೌದಿತ್ತು. ನಾಲ್ಕರಲ್ಲೂ ಉಂಟು. ತಾಯಿ ಮಗಳಿಗೆ ಸಂಬಳ ಕೊಡ್ಬೇಕಾ ಈಗ?”

ಹಾಡುಗಾರರು ನಕ್ಕರು. ನಾನು ಮೈಕುಗಳತ್ತ ನೋಡಿದೆ. ಕಾಲೇಜಿನಲ್ಲಿ ಕಾರ್ಯಕ್ರಮ ನಿರೂಪಿಸುತ್ತಿದ್ದ ನನಗೆ ಒಂದು ವಿಷಯ ಗೊತ್ತಿತ್ತು. ಇಂಥ ಮೈಕು ತನ್ನ ಮುಂದಿರುವುದನ್ನೆಲ್ಲ ಹಿಡಿಯುತ್ತದೆ, ಬೆನ್ನ ಹಿಂದಿನದನ್ನು ಅಷ್ಟಾಗಿ ಹಿಡಿಯುವುದಿಲ್ಲ. ಇಲ್ಲಿ ನಾಲ್ವರೂ ನಮ್ಮ ಗೋಡೆಗೆ ಬೆನ್ನು ಮಾಡಿ ನಿಂತಿದ್ದರು. ಮೈಕುಗಳು ಅವರನ್ನೂ ಅವರ ಹಿಂದಿನ ಗೋಡೆಯನ್ನೂ ನೋಡುತ್ತಿದ್ದವು.

“ಮೂರು ವಾರದಿಂದ ಮೈಕೆಲ್ಲ ನಮ್ಮನೆ ಕಡೆಗೇ ಇಟ್ಕೊಂಡು ನಮ್ಮನ್ನ ಬೈತಿದ್ದೀರಾ? ಮೈಕನ್ನ ಆ ಕಡೆ ತಿರುಗಿಸಿ ನೀವು ನಮ್ಮ ಗೋಡೆ ಕಡೆ ಮುಖ ಮಾಡಿ ನಿಂತ್ರೆ ಆಯ್ತಲ್ಲ.”

ಹಾಡುವ ಹೆಂಗಸಿನ ನಗು ನಿಂತಿತು. “ದೇವರಿಗೆ ಬೆನ್ನು ಹಾಕಿ ದೇವರ ಹಾಡು ಹಾಡುದಾ?”

ಅವರ ಎದುರಿನ ಗೋಡೆಯಲ್ಲಿ ಸೆವ್ರಿನ್ ಆಂಟಿಯ ಆಲ್ತಾರ್, ಅಂದರೆ ಪ್ರಾರ್ಥನೆಯ ಪೀಠ, ಇತ್ತು: ಮರದ ಹಲಗೆ, ಶಿಲುಬೆ, ಮಾತೆಯ ಪ್ರತಿಮೆ, ಪುಟ್ಟ ಕೆಂಪು ಬಲ್ಬು.

“ಹಾಗಾದ್ರೆ ದೇವರನ್ನೇ ಈ ಕಡೆ ತನ್ನಿ,” ಎಂದುಬಿಟ್ಟೆ. ಸಿಟ್ಟಿನಲ್ಲಿ ಆಡಿದ್ದು, ಆಡಬಾರದಿತ್ತು.

“ಹೊರಗೆ ನಡೀರಿ,” ಎಂದರು ರುಡೊಲ್ಫ್. ಬಾಗಿಲು ನಮ್ಮ ಬೆನ್ನ ಹಿಂದೆಯೇ ಹಾಕಿಕೊಂಡಿತು. ಸಮೀಕ್ಷಾ ಆ ಸಂಜೆಯೆಲ್ಲ ಮನೆಯೊಳಗೆ ತುದಿಗಾಲಲ್ಲಿ ಓಡಾಡಿದಳು. ಅದನ್ನು ನೋಡಿ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು.

ಇವತ್ತು, ಬುಧವಾರ ಮಧ್ಯಾಹ್ನ, ಬೆಲ್ ಆಯಿತು. ಅವರೇ. ಕಣ್ಣು ಚಪ್ಪಲಿಗಳ ಮೇಲೆ.

“ಏಳು ಜೊತೆ. ಮೂರು ಜನಕ್ಕೆ.”

“ಎಣಿಸೋಕೆ ಬಂದ್ರಾ?”

“ಅಲ್ಲ. ಆಲ್ತಾರನ್ನ ನಿಮ್ಮ ಗೋಡೆಗೆ ತಂದ್ರೆ ಅಡ್ಡಿ ಇಲ್ಲವಂತೆ, ಪಾದ್ರಿಗಳನ್ನ ಕೇಳಿದೆ. ಹಾಡುವವರಿಗೂ ಒಪ್ಪಿಗೆ. ಇನಾಸ್‌ಗೆ ಉಳಿದದ್ದು ನಾಳೆ ಒಂದೇ ದಿನ.”

“ಸರಿ, ತನ್ನಿ. ನನ್ನನ್ನ ಯಾಕೆ ಕೇಳ್ತೀರಿ?”

ಅವರು ಲಿಫ್ಟಿನ ಕಡೆ ನೋಡಿದರು, ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುವಂತೆ. ಇಡೀ ಮಹಡಿಯನ್ನು ಹೆದರಿಸಿಟ್ಟ ಸ್ವರ ಅರ್ಧಕ್ಕೆ ಇಳಿಯಿತು.

“ಅದು ಸೆವ್ರಿನ್ ಇಟ್ಟದ್ದು. ಹೂದಾನಿ ಒಂದು ಬೆರಳು ಸರಿದ್ರೂ ವಿಡಿಯೋ ಕಾಲ್‌ನಲ್ಲಿ ಗೊತ್ತಾಗ್ತದೆ ಅವಳಿಗೆ. ನಾನು ಕೇಳಿದ್ರೆ ಆಗುದಿಲ್ಲ ಅಂತಾಳೆ, ಮತ್ತೆ ಒಂದು ತಿಂಗಳು ಬೈಗಳು. ನಿಮ್ಮ ಮಾತು ಕೇಳ್ತಾಳೆ. ಒಂದು ಫೋನ್ ಮಾಡಿ ಕೇಳ್ತೀರಾ? ಉಪಾಯ ನಿಮ್ಮದೇ ಅಲ್ವಾ, ನನ್ನ ಹೆಸರು ತೆಗೀಬೇಡಿ.”