ಗೇಟಿನಲ್ಲಿ ತಡೆದ ಇಡ್ಲಿ

ಹೆಬ್ಬಾಳದ ಅಪಾರ್ಟ್‌ಮೆಂಟಿನಲ್ಲಿರುವ ಗೆಳತಿಯ ಮನೆಯಲ್ಲಿ ಉಳಿದುಕೊಂಡಿದ್ದೇನೆ. ಈ ಬೆಳಿಗ್ಗೆ, ಮಾನವ ಹಕ್ಕುಗಳು ಮತ್ತು ವಿಶ್ವಶಾಂತಿ ಕುರಿತ ವಿಚಾರಗೋಷ್ಠಿಯಲ್ಲಿ ಮಾತಾಡಲು ಹೊರಟವಳು ಗೇಟಿನ ಹತ್ತಿರ ಕ್ಯಾಬಿಗೆ ಕಾಯುತ್ತಿದ್ದೆ. ಗೆಳತಿಯ ಮನೆಗೆಲಸದ ಜಯಮ್ಮ ಬಂದವರೇ, ಯಾರೂ ಕೇಳುವ ಮೊದಲೇ, ಚೀಲ ಬಿಚ್ಚಿ ಸೆಕ್ಯುರಿಟಿ ಗಾರ್ಡ್ ಮುಂದೆ ಹಿಡಿದರು. ಇಲ್ಲಿ ಮನೆಗೆಲಸದವರು ಹೊರಗೆ ಹೋಗುವಾಗ ಹಾಗೆ ಮಾಡಬೇಕಂತೆ. ಚೀಲದಲ್ಲೊಂದು ಡಬ್ಬಿ, ಡಬ್ಬಿಯಲ್ಲಿ ಇಡ್ಲಿ.

"ಇದಕ್ಕೆ ಓನರ್ ಓಕೆ ಮಾಡಿಲ್ವಲ್ಲಮ್ಮ," ಅಂದ ಗಾರ್ಡ್, ಮೊಬೈಲ್ ನೋಡಿಕೊಂಡು.

"ತಿಂಡಿ ಮಿಕ್ಕಿತ್ತು, ನಾನೇ ಕೊಟ್ಟಿದ್ದು," ಅಂದೆ.

"ಗೆಸ್ಟ್ ಹೇಳಿದ್ರೆ ಆಗಲ್ಲ ಮೇಡಂ. ಆ್ಯಪಲ್ಲಿ ಓನರೇ ಒತ್ಬೇಕು."

ಗೆಳತಿಗೆ ಫೋನ್ ಮಾಡಿದೆ. ಎತ್ತಲಿಲ್ಲ, ಸ್ನಾನಕ್ಕೆ ಹೋಗಿರಬೇಕು. ಜಯಮ್ಮನಿಗೆ ಮುಂದಿನ ಮನೆಗೆ ಹೊತ್ತಾಗುತ್ತಿತ್ತು. ಅವರು ಡಬ್ಬಿ ತೆಗೆದು ಅಲ್ಲೇ ನಿಂತು ತಿನ್ನತೊಡಗಿದರು. ಒಂದು ಇಡ್ಲಿಯನ್ನು ಗಾರ್ಡ್ ಕಡೆಗೂ ಚಾಚಿದರು. ಅವನು ಗೇಟಿನ ಮೇಲಿದ್ದ ಕ್ಯಾಮೆರಾ ನೋಡಿ ಬೇಡ ಅಂದ. ಜಯಮ್ಮ ಎಲ್ಲ ತಿಂದು, ಗಿಡಗಳಿಗೆ ನೀರು ಬಿಡುವ ನಲ್ಲಿಯಲ್ಲಿ ಡಬ್ಬಿ ತೊಳೆದು ಅವನಿಗೆ ತೋರಿಸಿದರು.

"ಈಗ ಹೊಟ್ಟೇಲಿದೆ ಕಣಪ್ಪ. ಅದನ್ನೂ ಬಿಚ್ಚಿ ತೋರಿಸ್ಲಾ?"

ಅವನು ಗೇಟು ತೆಗೆದ. ಜಯಮ್ಮ ರಸ್ತೆ ದಾಟಿ ಹೋದರು.

ಅಷ್ಟರಲ್ಲಿ ನನ್ನ ಕ್ಯಾಬೂ ಬಂತು. ಗಾರ್ಡ್ ಸೆಲ್ಯೂಟ್ ಹೊಡೆದು ಕಾರಿನ ಬಾಗಿಲು ಹಿಡಿದುಕೊಂಡ. ವೇದಿಕೆ ಮೇಲೆ ಹೊದೆಯಲೆಂದು ಗೆಳತಿಯ ಬೀರುವಿನಿಂದ ಎತ್ತಿಕೊಂಡ ರೇಷ್ಮೆ ಶಾಲು ನನ್ನ ಚೀಲದಲ್ಲೇ ಇತ್ತು.