ವ್ಯಾಸಪೀಠಕ್ಕೆ ಹೊಂದುವ ಟ್ಯಾಬ್

ನಮ್ಮ ಭಜನಾ ಮಂಡಳಿಗೆ ಟ್ಯಾಬ್ ಬೇಕೆಂದು ಮೊದಲು ಹೇಳಿದವರು ಯಾರು? ನಾನು ನಾನೇ ಎನ್ನುತ್ತೇನೆ, ಮಂಡಳಿಯ ಕಾರ್ಯದರ್ಶಿಯಮ್ಮ ತಾವೇ ಎನ್ನುತ್ತಾರೆ. ಯಾರ ನೆನಪು ಸರಿಯೋ ಗೊತ್ತಿಲ್ಲ. ಕಾರಣದಲ್ಲಿ ಮಾತ್ರ ಜಗಳವಿಲ್ಲ. ಮುಂದೆ ಕೂತು ಹಾಡು ಎತ್ತಿಕೊಡುತ್ತಿದ್ದ ನಮ್ಮ ಮನೆ ಓನರ್ ಆಂಟಿಗೆ ಪುಸ್ತಕದ ಅಕ್ಷರ ಕಾಣದಂತಾಗಿತ್ತು.

ನಾನು ಧಾರವಾಡದ ಕಡೆಯವಳು. ಸುದ್ದಗುಂಟೆಪಾಳ್ಯದಲ್ಲಿ ಆಂಟಿಯ ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದೇನೆ. ಆಂಟಿ ಇಲ್ಲೇ ಹುಟ್ಟಿದವರು. ನಾನು ಬಸ್ಸಿಗೆ ಕಾಯುವ ಜಾಗದಲ್ಲಿ ಅವರು ರಾಗಿ ಕೊಯ್ದಿದ್ದಾರಂತೆ. ಶನಿವಾರ ಸಂಜೆ ದೇವಸ್ಥಾನದ ಹಜಾರದಲ್ಲಿ ಭಜನೆ. ಹಾಡು ಬಾಯಿಪಾಠವಿದ್ದರೂ ನೋಡಿಯೇ ಎತ್ತಿಕೊಡಬೇಕು, ದೇವರ ಮುಂದೆ ಪದ ತಪ್ಪಬಾರದು ಎಂಬುದು ಅಲ್ಲಿಯ ಕಟ್ಟುಪಾಡು. ಪುಸ್ತಕವನ್ನು ನೆಲಕ್ಕಿಡುವಂತಿಲ್ಲ, ಮರದ ವ್ಯಾಸಪೀಠದ ಮೇಲೇ ಇಡಬೇಕು. ಎಂಜಲು ಬೆರಳಿಂದ ಹಾಳೆ ತಿರುವುವಂತಿಲ್ಲ. ಬೆರಳು ಒದ್ದೆ ಮಾಡಿಕೊಳ್ಳಲು ಪಕ್ಕದಲ್ಲೊಂದು ನೀರಿನ ಬಟ್ಟಲು.

ಒಂದು ಶನಿವಾರ ಆಂಟಿ ಸಾಲು ಬಿಟ್ಟು ಹಾಡಿದರು. ಮುಂದಿನ ವಾರವೂ ಹಾಗೇ ಆಯಿತು. “ಅಮ್ಮಾ, ನೀವಿನ್ನು ಆರಾಮಾಗಿ ಹಿಂದೆ ಕೂತ್ಕೊಂಡು ತಾಳ ಹಾಕಿ” ಎಂದರು ಕಾರ್ಯದರ್ಶಿ. ಪ್ರೀತಿಯಿಂದಲೇ ಅಂದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮನೆಗೆ ಬಂದು ಗೇಟು ಹಾಕುವಾಗ ಆಂಟಿ, “ಹಿಂದೆ ಕೂತ್ಕೊಳಕ್ಕೆ ನಂಗೇನಾಗಿದೆ?” ಎಂದು ಗೇಟನ್ನೇ ಕೇಳಿದರು.

ಟ್ಯಾಬಿನಲ್ಲಾದರೆ ಅಕ್ಷರ ದೊಡ್ಡದು ಮಾಡಬಹುದು ಎಂಬ ಮಾತು ಬಂದ ಮೇಲೆ ಕಾರ್ಯದರ್ಶಿ ಒಂದನ್ನು ಆರಿಸಿ ಮಂಡಳಿಯ ಗ್ರೂಪಿನಲ್ಲಿ ಹಾಕಿದರು. ಚಿಕ್ಕದು, ಹಗುರ, ವೇಗದ ಪ್ರೊಸೆಸರ್, ಕನ್ನಡಿಯಂತೆ ಹೊಳೆಯುವ ಪರದೆ. ಎಲ್ಲರೂ ಒಪ್ಪಿಗೆಯ ಹೆಬ್ಬೆರಳು ಒತ್ತಿದರು. ನಾನು ಒತ್ತಲಿಲ್ಲ. ಒಂದಕ್ಕೊಂದು ಹೋಲಿಸುವ ವಿಡಿಯೊಗಳನ್ನು ಕೂತು ನೋಡಿದೆ. ಆಟ ಆಡಿ, ಸಿನಿಮಾ ಓಡಿಸಿ ಅಂಕ ಕೊಡುವವರೇ ಎಲ್ಲರೂ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ದೀಪದ ಎದುರು, ಮೊಳದ ದೂರದಿಂದ ಓದಿದವರು ಒಬ್ಬರೂ ಇಲ್ಲ. ನನ್ನ ಹಟ ಆಂಟಿಗಾಗಿಯೋ, ಓದಿದವಳೆಂಬ ಜಂಬಕ್ಕೋ? ಇಂದಿಗೂ ಖಚಿತವಿಲ್ಲ. ಎರಡೂ ಇದ್ದರೆ ಇರಲಿ.

ಹಾಡಿನ ಪುಟಗಳ ಫೋಟೊ ತೆಗೆದು ಫೋನಿಗೆ ಹಾಕಿಕೊಂಡೆ. ವ್ಯಾಸಪೀಠವನ್ನು ಚೀಲದಲ್ಲಿಟ್ಟು, ಆಂಟಿಯನ್ನು ಆಟೋದಲ್ಲಿ ಕೂರಿಸಿಕೊಂಡು ಜಯನಗರದ ಅಂಗಡಿಗೆ ಹೋದೆ. ನಾನು ಪೀಠ ಬಿಡಿಸಿ ನೆಲದ ಮೇಲಿಟ್ಟಾಗ ಮಾರುವ ಹುಡುಗಿ ಗಾಬರಿಯಾದಳು.

“ಮೇಡಂ, ಟೇಬಲ್ ಇದೆ.”

“ನಾವ್ ಟೇಬಲ್ ಮ್ಯಾಲೆ ಹಾಡಂಗಿಲ್ರೀ.”

ಆಂಟಿ ಸೀರೆ ಸರಿಮಾಡಿಕೊಂಡು ಅಂಗಡಿಯ ನಡುವೆ ಕೂತೇಬಿಟ್ಟರು. ಫೋನಿನಲ್ಲಿದ್ದ ಪುಟಗಳನ್ನು ಕಾರ್ಯದರ್ಶಿ ಹೇಳಿದ ಟ್ಯಾಬಿಗೆ ಕಳಿಸಿ, ಅದನ್ನು ಮೊದಲು ಇಟ್ಟೆವು. ಅದು ಪೀಠದ ಎರಡು ಹಲಗೆಗಳ ಸಂದಿಗೆ ಜಾರಿತು. ಅಕ್ಷರ ಹಿಗ್ಗಿಸಿದರೆ ಸಾಲಿನ ಅರ್ಧವೇ ಕಾಣುತ್ತಿತ್ತು. “ಲೈಟೇ ಕಾಣ್ಸುತ್ತೆ, ಹಾಡಿಲ್ಲ” ಎಂದರು ಆಂಟಿ. ಆಮೇಲೆ ಅಭ್ಯಾಸದಂತೆ ನೀರಿನ ಬಾಟಲಿಯ ಮುಚ್ಚಳದಲ್ಲಿ ಬೆರಳದ್ದಿ ಪುಟ ತಿರುವಿದರು. ಹುಡುಗಿ ಕೈ ಚಾಚುವಷ್ಟರಲ್ಲಿ ಪುಟಗಳು ಒಂದರ ಹಿಂದೊಂದು ಹಾರಿ, ಗಣಪತಿಯ ಹಾಡಿನಿಂದ ಸೀದಾ ಮಂಗಳಾರತಿಗೆ ಬಂದಿದ್ದವು.

“ಬೇಗ ಮನೆಗೆ ಹೋಗೋರಿಗೆ ಚೆನ್ನಾಗಿದೆ” ಎಂದರು ಆಂಟಿ.

ಮೂಲೆಯಲ್ಲಿದ್ದ ದೊಡ್ಡದನ್ನು ಕೇಳಿದೆ. ಹೊಳಪಿಲ್ಲದ ಪರದೆ, ಬೆಲೆ ಮೊದಲಿನದಕ್ಕಿಂತ ಕಡಿಮೆ.

“ಅದು ಸ್ಲೋ ಮೇಡಂ. ಭಾರ ಬೇರೆ. ಆಮೇಲೆ ನನ್ನನ್ನ ಬೈಕೋತೀರ.”

“ಒಂದು ಪುಟ ಹಾಡಿ ಮುಗಿಸಾಕ ಐದು ನಿಮಿಷ ಬೇಕ್ರಿ ನಮಗ. ಅದಕ್ಕ ಎಷ್ಟು ಓಡಬೇಕು ಇದು?”

ಅದು ಪೀಠದ ಮೇಲೆ ಅಲ್ಲಾಡದೆ ಕೂತಿತು. ಇಡೀ ಸಾಲು ಕಾಣಿಸಿತು. ಒದ್ದೆ ಬೆರಳು ತಾಗಿದರೆ ತಟಸ್ಥ. ಒರೆಸಿಕೊಂಡು ಒತ್ತಿ ಎಳೆದಾಗ ಒಂದೇ ಪುಟ ಸರಿಯಿತು. ಆಂಟಿ ಮೊದಲ ಸಾಲನ್ನು ಸಣ್ಣ ದನಿಯಲ್ಲಿ ಹಾಡಿದರೆಂದು ನನ್ನ ನೆನಪು. ಬರಿದೇ ಓದಿದೆ ಎನ್ನುತ್ತಾರೆ ಅವರು. “ಇದೇ ಕಟ್ಟಮ್ಮಾ, ದುಡ್ಡು ನಂದು” ಎಂದದ್ದಂತೂ ನಿಜ.

ಶನಿವಾರ ಕಾರ್ಯದರ್ಶಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಎಲ್ರೂ ಬೇಡ ಅಂದಿದ್ದನ್ನೇ ತಂದ್ರಾ ಮೇಡಂ? ರಿವ್ಯೂ ಒಂದೂ ಚೆನ್ನಾಗಿಲ್ಲ ಇದಕ್ಕೆ.”

“ರಿವ್ಯೂ ಬರೆದವ್ರು ಭಜನಿಗೆ ಬಂದಿದ್ರೇನ್ರೀ?”

ಅವರು ಉತ್ತರಿಸುವ ಮೊದಲೇ ಆಂಟಿ ಮುಂದಿನ ಸಾಲಿನ ನಡುವೆ ಕೂತಾಗಿತ್ತು. ಮೊದಲ ಹಾಡು ಸರಾಗವಾಗಿ ಹೋಯಿತು. ಎರಡನೆಯದಕ್ಕೆ ಪುಟ ಎಳೆದರೆ ಪರದೆಯಲ್ಲಿ ಬಳೆಯಂಥ ಗುರುತು ಸುತ್ತತೊಡಗಿತು. ಹಾರ್ಮೋನಿಯಂನವರು ಶ್ರುತಿ ಹಿಡಿದೇ ಇದ್ದರು. ಹಿಂದೆ ಯಾರೋ ಕೆಮ್ಮಿದರು. ಅಂಗಡಿಯ ಹುಡುಗಿಯ ಮಾತು ನೆನಪಾಯಿತು.

“ಅಮ್ಮಾ, ನಾನು ಎತ್ಕೊಡ್ಲಾ?” ಎಂದರು ಕಾರ್ಯದರ್ಶಿ.

ಆಂಟಿ ಪರದೆಯಿಂದ ತಲೆ ಎತ್ತದೆ ಅಂಗೈ ತೋರಿಸಿದರು. “ಬರ್ಲಿ ಇರಮ್ಮಾ. ಬಂದಾಗ ಹಾಡೋಣ.”

ಹಜಾರವೆಲ್ಲ ಕಾಯಿತು. ಬಹಳ ಹೊತ್ತು ಎಂದು ನನ್ನ ನೆನಪು ಹೇಳುತ್ತದೆ. ನಾಲ್ಕು ಉಸಿರಿನಷ್ಟೂ ಇರಲಿಲ್ಲವೇನೋ. ಅಕ್ಷರ ಮೂಡಿತು. ಆಂಟಿ ಆಗಲೂ ಅವಸರ ಮಾಡಲಿಲ್ಲ. ಸಾಲುಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಕನ್ನಡಕ ಮೇಲೇರಿಸಿ, ನಾವೆಲ್ಲ ಬಾಯಿ ಮುಚ್ಚಿದ್ದೇವೆಯೇ ಎಂದು ತಿರುಗಿ ನೋಡಿ, ಆಮೇಲೆ ಹಾಡು ಎತ್ತಿಕೊಟ್ಟರು.